ಲೋಹಿತಾಶ್ವ ಮನೆಗೆ ಹೋಗಬಹುದೇ?

ಬಾಲನಟರ ಬಗ್ಗೆ ನಾವು ಕೇಳುವ ಪ್ರಶ್ನೆ ಒಂದೇ: ಆಮೇಲೆ ಏನಾದರು? ಪುನೀತ್ ರಾಜ್‌ಕುಮಾರ್ 1985ರ ‘ಬೆಟ್ಟದ ಹೂವು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, 2002ರಲ್ಲಿ ‘ಅಪ್ಪು’ವಾಗಿ ಮರಳಿದರು, ಗೆದ್ದರು ಅನ್ನುತ್ತೇವೆ. ‘ಮಾಲ್ಗುಡಿ ಡೇಸ್’ನ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ದೊಡ್ಡವರಾಗುವ ಹೊತ್ತಿಗೆ ನಟನೆ ಬಿಟ್ಟು ಬೇರೆ ಕೆಲಸ ಹಿಡಿದರು, ಅಷ್ಟು ಚೆನ್ನಾಗಿ ಮಾಡ್ತಿದ್ದ ಹುಡುಗ, ಬಿಟ್ಟುಬಿಟ್ಟನಲ್ಲ ಅಂತ ಇವತ್ತಿಗೂ ಮರುಗುತ್ತೇವೆ. ಮರುಗುವಂಥದ್ದೇನಿದೆ? ಅವರಿಗೆ ಬಿಡಲು ಸಾಧ್ಯವಾಯಿತು. ಮಗುವಿನ ನಟನಾವೃತ್ತಿ ನ್ಯಾಯವಾದದ್ದೋ ಅಲ್ಲವೋ ಎಂದು ಅಳೆಯಲು ನನಗೆ ಬೇರೆ ಮಾಪನ ಕಾಣದು.

ಬಿಡಲಾಗದೆ ಹೋದವರಲ್ಲಿ ಜಪಾನಿನ ತಕಮಿನೆ ಹಿದೆಕೊ ಒಬ್ಬರು. 1924ರಲ್ಲಿ ಹುಟ್ಟಿದ ಆಕೆ 1929ರಲ್ಲೇ ಕ್ಯಾಮೆರಾ ಮುಂದೆ ನಿಂತರು. ಬಂಧುಬಳಗದ ಹೊಟ್ಟೆಪಾಡೆಲ್ಲ ಆ ಹುಡುಗಿಯ ಸಂಪಾದನೆಗೆ ಜೋತುಬಿತ್ತು. ಚಿತ್ರೀಕರಣದ ನಡುವೆ ಶಾಲೆ ಹೆಸರಿಗಷ್ಟೇ ಉಳಿಯಿತು. ಮುಂದೆ, 1954ರ ‘ಇಪ್ಪತ್ತನಾಲ್ಕು ಕಣ್ಣುಗಳು’ ಚಿತ್ರದಲ್ಲಿ ದ್ವೀಪವೊಂದರ ಶಾಲಾ ಶಿಕ್ಷಕಿಯಾಗಿ ಇಡೀ ದೇಶವನ್ನು ಅಳಿಸಿದವರು ಇದೇ ಹಿದೆಕೊ. ಸರಿಯಾಗಿ ಶಾಲೆ ಕಾಣದವರು ಜಪಾನೀಯರ ಅಚ್ಚುಮೆಚ್ಚಿನ ಟೀಚರ್! ನಿವೃತ್ತರಾದದ್ದು 1979ರಲ್ಲಿ. ಮಹಾನಟಿ, ಸಂಶಯವಿಲ್ಲ. ಆದರೆ ಆ ದಾರಿಯನ್ನು ಐದು ವರ್ಷದ ಮಗು ಆರಿಸಿಕೊಂಡಿತ್ತು ಎನ್ನಲಾದೀತೆ?

ಹೆಣ್ಣುಮಕ್ಕಳಿಗೆ ಇನ್ನೊಂದು ತೊಡಕಿದೆ. ಬೇಬಿ ಎಂಬ ಬಿರುದು ಕಳಚಿದೊಡನೆ ನಾಯಕಿಯ ಸೀರೆ ಸಿದ್ಧವಾಗಿರುತ್ತದೆ. ಬಾಲನಟಿಯಾಗಿದ್ದ ಅಮೂಲ್ಯ 2007ರ ‘ಚೆಲುವಿನ ಚಿತ್ತಾರ’ದಲ್ಲಿ ನಾಯಕಿಯಾದಾಗ ಹದಿನಾಲ್ಕೂ ತುಂಬಿರಲಿಲ್ಲ. ಚಿತ್ರ ಗೆದ್ದಿತು, ವಯಸ್ಸಿನ ಮಾತು ಯಾರೂ ದೊಡ್ಡದಾಗಿ ಎತ್ತಲಿಲ್ಲ.

ಇದಕ್ಕೆ ತದ್ವಿರುದ್ಧ ನಮ್ಮ ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಸುತ್ತಿನ ಹಳ್ಳಿನಾಟಕ. ಸುಗ್ಗಿ ಮುಗಿದರೆ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ರಾತ್ರಿ ಪ್ರಾಕ್ಟೀಸು ಶುರು. ‘ಸತ್ಯ ಹರಿಶ್ಚಂದ್ರ’ ಆದರೆ ಹರಿಶ್ಚಂದ್ರನ ಮಗ ಲೋಹಿತಾಶ್ವನ ಪಾತ್ರಕ್ಕೆ ಯಾರದೋ ಮನೆಯ ಶಾಲೆ ಹುಡುಗ. ಮುಂದಿನ ವರ್ಷ ಅವನು ಒಲ್ಲೆ ಅಂದರೆ ಇನ್ನೊಬ್ಬ. ಅವನು ದೊಡ್ಡವನಾಗಿ ಭತ್ತ ನಾಟಿ ಮಾಡಿದರೆ ‘ಕಲಾವಿದ ಕಳೆದುಹೋದ’ ಎಂದು ಯಾರೂ ಬರೆಯುವುದಿಲ್ಲ. ಹಳ್ಳಿಯವರು ಮಕ್ಕಳ ಹಕ್ಕಿನ ಬಗ್ಗೆ ಹೆಚ್ಚು ತಿಳಿದವರೆಂದಲ್ಲ. ಇಲ್ಲಿ ಪಾತ್ರಕ್ಕೆ ದುಡ್ಡು ಕಟ್ಟುವವರೇ ಪಾತ್ರಧಾರಿಗಳು. ಲೋಹಿತಾಶ್ವನ ಬಣ್ಣದಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ.

ಗುಬ್ಬಿ ಕಂಪನಿಯಂಥ ವೃತ್ತಿನಾಟಕ ಮಂಡಳಿಗಳನ್ನು ಈ ಎರಡರ ನಡುವೆ ಇಡಬೇಕು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅಲ್ಲೇ ಬೆಳೆದರು, ರಂಗಭೂಮಿಗೇ ತಮ್ಮನ್ನು ಕೊಟ್ಟುಕೊಂಡರು. ಊಟ, ಪಾಠ, ಆಟ ಎಲ್ಲ ಕಂಪನಿಯಲ್ಲೇ ಆದಾಗ ಬಿಟ್ಟು ಹೋಗುವುದೆಂದರೆ ಮನೆಯನ್ನೇ ಬಿಟ್ಟಂತೆ.

ಕಾನೂನು ಇಲ್ಲವೆಂದಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ, 2017ರ ನಿಯಮಗಳ ಪ್ರಕಾರ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿರಾಮವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ಸಂಪಾದನೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಠೇವಣಿ. ಮಗುವಿನ ಇಚ್ಛೆಗೆ ವಿರುದ್ಧವಾಗಿ ನಟಿಸುವಂತೆ ಮಾಡಬಾರದು ಎಂಬ ಮಾತೂ ಅದರಲ್ಲಿದೆ. ಒಳ್ಳೆಯದೇ. ಆದರೆ ಉಳಿದ ಎಂಬತ್ತರಲ್ಲಿ ಮನೆಸಾಲದ ಕಂತು ಹೋಗುತ್ತಿದ್ದರೆ ‘ಸಾಕಮ್ಮ’ ಎನ್ನಲು ಯಾವ ಮಗುವಿಗೆ ಬಾಯಿ ಬಂದೀತು? ಇಚ್ಛೆ ಕೇಳುವವರೂ ಆ ದುಡ್ಡಿನಲ್ಲಿ ಬದುಕುವವರೂ ಒಬ್ಬರೇ ಆಗಬಾರದು. ಠೇವಣಿಯ ಪಾಲು ಅರ್ಧಕ್ಕಿಂತ ಹೆಚ್ಚಾಗಲಿ. ಪ್ರತಿ ಹೊಸ ಅನುಮತಿಗೂ ಮುನ್ನ ತಂದೆತಾಯಿ, ನಿರ್ಮಾಪಕರು ಹೊರಗೆ ಕೂತಿರುವಾಗ ಮಗುವಿನ ಶಾಲೆಯ ಮೇಷ್ಟ್ರೊಬ್ಬರು ಒಳಗೆ ಕೇಳಲಿ. ಇಷ್ಟಕ್ಕೆ ಸಿನಿಮಾ ನಿಂತುಹೋಗುತ್ತದೆ ಎನ್ನುವವರು, ಅದು ಯಾರ ದುಡಿಮೆಯ ಮೇಲೆ ನಿಂತಿದೆ ಎಂದು ತಾವೇ ಹೇಳಿದಂತಾಯಿತು.