ಮೊಬೈಲ್‌ನಲ್ಲಿ ಪೂಜೆ ಸಿಗುತ್ತದೆ, ಪಕ್ಕದವರು ಸಿಗುವುದಿಲ್ಲ

‘ನನಗೆ ಯೇಸು ಸಾಕು, ಚರ್ಚ್ ಬೇಡ.’ ಊರು ಬಿಟ್ಟು ಬೆಂಗಳೂರಿನ ಪಿ.ಜಿ.ಗಳಲ್ಲಿ ನೆಲೆಸಿರುವ ನಮ್ಮ ವಯಸ್ಸಿನ ಕ್ರೈಸ್ತರ ಬಾಯಲ್ಲಿ ಈಗ ಈ ಮಾತು ಸಾಮಾನ್ಯ. ವಾರವಿಡೀ ದುಡಿದವರಿಗೆ ಭಾನುವಾರ ಬೆಳಗಿನ ನಿದ್ದೆಯೇ ದೊಡ್ಡದು. ಪೂಜೆ ಯೂಟ್ಯೂಬ್‌ನಲ್ಲಿ ಯಾವಾಗ ಬೇಕಾದರೂ ಸಿಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಚರ್ಚುಗಳು ಮುಚ್ಚಿದಾಗ ಶುರುವಾದ ಈ ಅಭ್ಯಾಸ ಹಲವರಲ್ಲಿ ಹಾಗೇ ಉಳಿದುಬಿಟ್ಟಿದೆ. ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ಕಾರಣವೂ ಇದೆ. ಪೂಜೆ ಮುಗಿಸಿ ಹೊರಬಂದರೆ ಅಂಗಳದಲ್ಲಿ ‘ಈಗ ಏನು ಮಾಡ್ಕೊಂಡಿದ್ದೀಯ?’ ಎಂಬ ಪ್ರಶ್ನೆ ಕಾದಿರುತ್ತದೆ.

ಈ ಕಾರಣಗಳನ್ನು ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಕ್ರೈಸ್ತ ಬದುಕನ್ನು ಒಬ್ಬರೇ ಬದುಕಲು ಸಾಧ್ಯವೇ?

ಯೇಸು ಕಲಿಸಿದ ಪ್ರಾರ್ಥನೆಯನ್ನೇ ಗಮನಿಸಿ. ಅದರಲ್ಲಿ ‘ನಾನು’, ‘ನನ್ನ’ ಎಂಬ ಪದಗಳೇ ಇಲ್ಲ. ತಂದೆಯೂ ನಮ್ಮವನು, ಬೇಡುವ ಅನ್ನವೂ ನಮ್ಮದು. ರೂಮಿನ ಬಾಗಿಲು ಹಾಕಿಕೊಂಡು ಹೇಳಿದರೂ ಅದು ಹಲವರ ಪ್ರಾರ್ಥನೆಯೇ. ಕ್ಷಮಿಸುವುದು, ಕಾಯುವುದು, ಹಂಚಿಕೊಳ್ಳುವುದು ಇವೆಲ್ಲಕ್ಕೂ ಇನ್ನೊಬ್ಬರು ಎದುರಿಗೆ ಇರಬೇಕು.

ಮೊಬೈಲ್‌ನಲ್ಲಿ ನಮಗೆ ಬೇಕಾದ ಬೋಧಕರನ್ನು, ಬೇಕಾದ ಹಾಡನ್ನು ಆರಿಸಿಕೊಳ್ಳುತ್ತೇವೆ. ಬೋಧನೆ ಚುಚ್ಚಿದರೆ ಮುಂದಕ್ಕೆ ಓಡಿಸುತ್ತೇವೆ. ಚರ್ಚಿನ ಬೆಂಚಿನಲ್ಲಿ ಪಕ್ಕ ಕೂರುವವರನ್ನು ಹಾಗೆ ಆರಿಸಲಾಗುವುದಿಲ್ಲ. ಅಲ್ಲಿ ಅಪಸ್ವರದಲ್ಲಿ ಹಾಡುವ ಅಜ್ಜಿ, ರಚ್ಚೆ ಹಿಡಿದ ಮಗು, ಮೊನ್ನೆ ತಾನೇ ಗಂಡನನ್ನು ಕಳೆದುಕೊಂಡ ಹೆಂಗಸು, ನಮಗೆ ಅಷ್ಟಾಗಿ ಹಿಡಿಸದ ರಾಜಕೀಯ ಮಾತಾಡುವ ಅಂಕಲ್ ಎಲ್ಲರೂ ಇರುತ್ತಾರೆ. ನೆರೆಯವರನ್ನು ಪ್ರೀತಿಸಬೇಕು ಎನ್ನುವಾಗ ಪ್ರೀತಿಸಬೇಕಾದವರು ಇವರೇ.

ಮೊದಲ ಶತಮಾನದ ಕೊರಿಂಥದ ಸಭೆ ಆದರ್ಶ ಸಭೆಯೇನೂ ಆಗಿರಲಿಲ್ಲ. ಅಲ್ಲಿ ಗುಂಪುಗಾರಿಕೆ ಇತ್ತು. ಎಲ್ಲರೂ ಸೇರಿ ಉಣ್ಣಬೇಕಾದಲ್ಲಿ ಉಳ್ಳವರು ಮೊದಲೇ ತಿಂದು ಮುಗಿಸುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಪೌಲ ಅವರಿಗೆ ಖಾರವಾಗಿ ಪತ್ರ ಬರೆದ. ಆದರೆ ಬೇಸತ್ತವರು ಮನೆಯಲ್ಲೇ ಪ್ರಾರ್ಥಿಸಿಕೊಳ್ಳಲಿ ಎನ್ನಲಿಲ್ಲ. ಊಟಕ್ಕೆ ಕೂಡಿದಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕು ಎಂದ.

ಸಭೆ ಎಂದರೆ ಹಿರಿಯರ ವ್ಯವಹಾರ ಎಂದುಕೊಂಡವರು ಫ್ರೆಡರಿಕ್ ಒಝನಾಂನ ಕಥೆ ತಿಳಿಯಬೇಕು. 1833ರಲ್ಲಿ ಅವನು ಪ್ಯಾರಿಸ್‌ನಲ್ಲಿ ಕಾನೂನು ಓದುತ್ತಿದ್ದ, ವಯಸ್ಸು 20. ನಿಮ್ಮ ಧರ್ಮ ಹಿಂದೆ ಏನೋ ಮಾಡಿರಬಹುದು, ಈಗ ಬಡವರಿಗಾಗಿ ಏನು ಮಾಡುತ್ತಿದೆ ಎಂದು ಚರ್ಚಾಕೂಟದಲ್ಲಿ ಸವಾಲು ಎದುರಾಯಿತು. ಅವನು ಬೆರಳೆಣಿಕೆಯ ಗೆಳೆಯರೊಂದಿಗೆ ಬಡವರ ಮನೆಗಳಿಗೆ ಹೋಗತೊಡಗಿದ. ಹೇಗೆ ನೆರವಾಗಬೇಕೆಂದು ರೊಸಾಲಿ ರೆಂದು ಎಂಬ ಸನ್ಯಾಸಿನಿ ಕಲಿಸಿಕೊಟ್ಟರು. ಹಾಗೆ ಹುಟ್ಟಿದ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ಇಂದು ನಮ್ಮ ರಾಜ್ಯದ ಚರ್ಚುಗಳಲ್ಲೂ ಇದೆ. ವಿದ್ಯಾರ್ಥಿಗಳು ಕಟ್ಟಿದ ಸಂಸ್ಥೆ ಅದು. ಒಬ್ಬನೇ ರೂಮಿನಲ್ಲಿ ಕೂತು ಒಳ್ಳೆಯವನಾಗಿದ್ದರೆ ಒಝನಾಂನಿಂದ ಅದು ಆಗುತ್ತಿರಲಿಲ್ಲ.

ಮಂಗಳೂರು ಕಡೆಯ ಕಥೊಲಿಕ ಚರ್ಚುಗಳಲ್ಲಿ ವಾಳೆಗೊಬ್ಬ ಗುರಿಕಾರರಿರುತ್ತಾರೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು ಎಂಬುದು ಅವರಿಗೆ ತಿಳಿದಿರುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಪ್ರತಿ ಮನೆಗೂ ಸಿಗುತ್ತದೆ. ಗದ್ದೆ ಇದ್ದವರಿಗೂ ಇಲ್ಲದವರಿಗೂ ಹೊಸ ಅಕ್ಕಿಯ ಊಟ ಒಂದೇ ದಿನ. ಇಂಥ ಲೆಕ್ಕವನ್ನು ಯಾವ ಆ್ಯಪ್ ಇಟ್ಟುಕೊಳ್ಳುತ್ತದೆ? ಜ್ವರ ಬಂದು ರೂಮಿನಲ್ಲಿ ಮಲಗಿದವನನ್ನು ಯೂಟ್ಯೂಬ್ ಚಾನೆಲ್ ಹುಡುಕಿಕೊಂಡು ಬರುವುದಿಲ್ಲ.

ಹಾಗೆಂದು ಚರ್ಚುಗಳಲ್ಲಿ ಎಲ್ಲವೂ ಸರಿಯಿದೆ ಎನ್ನುವಂತಿಲ್ಲ. ಜಾತಿಯ ಗೆರೆ ಅಳಿಸಿಲ್ಲ. ಪೂಜೆಯ ಭಾಷೆಗಾಗಿ ಬೆಂಗಳೂರಿನಲ್ಲಿ ನಡೆದ ಜಗಳಗಳು ಎಲ್ಲರಿಗೂ ಗೊತ್ತು. ಮುಂದಿನ ಬೆಂಚು ದುಡ್ಡಿದ್ದವರಿಗೆ ಎಂಬ ಮನೋಭಾವ ಕೆಲವೆಡೆ ಇದೆ. ಆದರೆ ಇದರಿಂದ ನೊಂದ ಯುವಕರೆಲ್ಲ ಹೊರಗುಳಿದರೆ ಒಳಗೆ ಪ್ರಶ್ನೆ ಕೇಳುವವರು ಯಾರು? ಹಿರಿಯರೂ ತಮ್ಮ ಪಾಲಿನದನ್ನು ಮಾಡಬೇಕು. ಪಾಲನಾ ಸಮಿತಿಗಳಲ್ಲಿ ಯುವಜನರ ಮಾತಿಗೆ ಬೆಲೆ ಇರಲಿ. ನಗರದ ಚರ್ಚುಗಳು ಹೊಸದಾಗಿ ಬಂದವರನ್ನು ಹೆಸರು ಹಿಡಿದು ಕರೆಯಲಿ. ‘ಕೆಲಸ ಆಯ್ತಾ?’ ಎಂದು ಕೇಳುವವರು ‘ಊಟಕ್ಕೆ ಬಾ’ ಎಂದೂ ಹೇಳಲಿ.

ಚರ್ಚ್ ಉದ್ಯೋಗ ವಿನಿಮಯ ಕೇಂದ್ರವಲ್ಲ, ಅಲ್ಲಿ ಹೋದರೆ ನೌಕರಿ ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ನೌಕರಿ ಇಲ್ಲದ ದಿನಗಳಲ್ಲೂ ಕ್ವಾಯರ್‌ನಲ್ಲಿ ನಿಮ್ಮ ದನಿ ಬೇಕಾಗುತ್ತದೆ, ಭಾನುವಾರದ ಧರ್ಮಶಿಕ್ಷಣಕ್ಕೆ ಟೀಚರ್ ಬೇಕಾಗುತ್ತಾರೆ. ರೆಸ್ಯೂಮೆ ಕೇಳದೆ ‘ನೀನು ಬೇಕು’ ಎನ್ನುವ ಜಾಗಗಳು ನಮ್ಮ ವಯಸ್ಸಿನಲ್ಲಿ ಹೆಚ್ಚೇನೂ ಇಲ್ಲ.

ಈ ಭಾನುವಾರ ನಿಮ್ಮ ರೂಮಿಗೆ ಹತ್ತಿರದ ಚರ್ಚಿಗೆ ಹೋಗಿ. ಪೂಜೆ ಮುಗಿದೊಡನೆ ಹೊರಡಬೇಡಿ, ಹತ್ತು ನಿಮಿಷ ಅಂಗಳದಲ್ಲಿ ನಿಲ್ಲಿ. ನಿಮ್ಮಂತೆಯೇ ಒಬ್ಬರೇ ನಿಂತಿರುವವರು ಕಂಡರೆ ಅವರ ಹೆಸರು ಕೇಳಿ.