ಬಾಲ್ಕನಿಗೋಸ್ಕರ ಬಳೆ ಅಡ ಇಡಬೇಡಿ

ಹೋದ ತಿಂಗಳು ಒಂದು ರಾತ್ರಿ ಚಿಕ್ಕಪ್ಪ ಫೋನ್ ಮಾಡಿದರು. ಅಡಿಕೆ ರೇಟು, ಮಳೆ ಎರಡೂ ಮುಗಿದ ಮೇಲೆ ನಿಜವಾದ ವಿಷಯಕ್ಕೆ ಬಂದರು. "ತಮ್ಮಾ, ಸೊಸೈಟಿಯಲ್ಲಿ ಬಂಗಾರದ ಸಾಲಕ್ಕೆ ಈಗ ಬಡ್ಡಿ ಎಷ್ಟಿದೆ, ಗೊತ್ತಾ?"

ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ ನನಗೆ ಗಾಬರಿಯಾಯಿತು. ಯಾರಿಗೂ ಏನೂ ಆಗಿರಲಿಲ್ಲ. ಜರ್ಮನಿಯಲ್ಲಿ ಕೆಲಸ ಮಾಡುವ ಮಗಳು ಅಪ್ಪ ಅಮ್ಮನನ್ನು ಕರೆಸಿಕೊಂಡು ರೈನ್ ನದಿಯಲ್ಲಿ ಏಳು ರಾತ್ರಿಯ ಕ್ರೂಸ್ ಮಾಡಿಸುತ್ತೇನೆ ಅಂದಿದ್ದಾಳೆ. ಅವಳ ಕೈಗೆ ಎಟುಕಿದ್ದು ಕೆಳಗಿನ ಡೆಕ್ಕಿನ ಸಾದಾ ಕ್ಯಾಬಿನ್. ಚಿಕ್ಕಪ್ಪ ಸುಮ್ಮನಿರದೆ ಪೇಟೆಯ ಒಬ್ಬ ಟ್ರಾವೆಲ್ ಏಜೆಂಟ್ ಹತ್ತಿರ ವಿಚಾರಿಸಿದ್ದಾರೆ. ಆತ ಮೊಬೈಲಲ್ಲಿ ಫೋಟೋ ತೋರಿಸಿ, "ಸಾರ್, ಕೆಳಗಿನ ರೂಮ್ ಅಂದ್ರೆ ನೆಲಮಾಳಿಗೆ ಇದ್ದ ಹಾಗೆ. ಹೋಗೋದೇ ಜೀವನದಲ್ಲಿ ಒಂದ್ಸಲ, ಬಾಲ್ಕನಿನೇ ತಗೊಂಡ್ಬಿಡಿ" ಅಂದಿದ್ದಾನೆ. ಮಗಳ ಮೇಲೆ ಭಾರ ಹಾಕಲು ಮನಸ್ಸಿಲ್ಲದ ಚಿಕ್ಕಪ್ಪ, ಹೆಚ್ಚುವರಿ ದುಡ್ಡಿಗೆ ಚಿಕ್ಕಮ್ಮನ ಬಳೆ ಅಡ ಇಡಲು ಹೊರಟಿದ್ದರು.

ಈ ಬರಹ ಆ ಒಂದು ಮಾತಿನ ವಿರುದ್ಧ. "ಹೋಗೋದೇ ಒಂದ್ಸಲ."

ಈ ಮಾತು ನಮ್ಮ ಊರುಗಳಿಗೆ ಹೊಸದಲ್ಲ. ಮದುವೆ ಆಗೋದೇ ಒಂದ್ಸಲ ಅಂತ ಛತ್ರಕ್ಕೆ, ಊಟಕ್ಕೆ, ವಿಡಿಯೋಗೆ ಸಾಲ ಮಾಡಿದ್ದೇವೆ. ಮನೆ ಕಟ್ಟೋದೇ ಒಂದ್ಸಲ ಅಂತ ಯಾರೂ ಮಲಗದ ಮಹಡಿ ಕೋಣೆ ಎಬ್ಬಿಸಿದ್ದೇವೆ. ಈಗ ನಮ್ಮ ಮಕ್ಕಳು ಯೂರೋಪು ಸೇರಿದ ಹಾಗೆ ಅದೇ ಮಾತು ಹಡಗು ಹತ್ತಿದೆ. ಹಾಗಾಗಿ ಆ ಬಾಲ್ಕನಿಯಲ್ಲಿ ನಿಜವಾಗಿ ಏನು ಸಿಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕೋಣ.

ಸಮುದ್ರದ ಹಡಗು ಬೇರೆ, ನದಿಯ ಹಡಗು ಬೇರೆ

ಬಾಲ್ಕನಿಯ ಆಸೆ ಹುಟ್ಟಿದ್ದು ಸಮುದ್ರದ ದೊಡ್ಡ ಹಡಗುಗಳಿಂದ. ಅಲ್ಲಿ ಹತ್ತು ಹದಿನೈದು ಅಂತಸ್ತು, ಸಾವಿರಾರು ಜನ, ಕಿಟಕಿಯೇ ಇಲ್ಲದ ಒಳಗಿನ ಕೋಣೆಗಳೂ ಇರುತ್ತವೆ. ಅಂಥ ಕಡೆ ಬಾಲ್ಕನಿ ಬೇಕು ಅಂದರೆ ಅರ್ಥವಿದೆ.

ನದಿಯ ಹಡಗು ಹಾಗಲ್ಲ. ರೈನ್, ಡ್ಯಾನ್ಯೂಬ್ ನದಿಗಳಲ್ಲಿ ಲಾಕ್ ಅಂತ ಇರುತ್ತವೆ. ನೀರಿನ ಮಟ್ಟ ಬದಲಾಗುವ ಕಡೆ ಹಡಗನ್ನು ಎರಡು ಗೇಟುಗಳ ನಡುವೆ ನಿಲ್ಲಿಸಿ, ನೀರು ತುಂಬಿ ಏರಿಸುವ, ಇಲ್ಲವೇ ನೀರು ಬಿಟ್ಟು ಇಳಿಸುವ ದೊಡ್ಡ ತೊಟ್ಟಿಗಳು. ಆ ಜಲಮಾರ್ಗದ ಹಲವು ಲಾಕ್‌ಗಳ ಅಗಲ 12 ಮೀಟರ್. ಅದಕ್ಕೇ ಹಡಗಿನ ಅಗಲ ಸಾಮಾನ್ಯವಾಗಿ ಸುಮಾರು 11.4 ಮೀಟರ್ ದಾಟುವುದಿಲ್ಲ, ಉದ್ದ ಹೆಚ್ಚೆಂದರೆ 135 ಮೀಟರ್. ಸೇತುವೆಗಳ ಅಡಿ ನುಸುಳಬೇಕಾದ್ದರಿಂದ ಎತ್ತರವೂ ಕಡಿಮೆ. ಒಟ್ಟು ಎರಡು ಮೂರು ಅಂತಸ್ತು, ಇನ್ನೂರರ ಆಸುಪಾಸಿನ ಜನ. ಕೋಣೆಗಳೆಲ್ಲ ಹೊರಗಿನ ಗೋಡೆಗೇ ಇರುವುದರಿಂದ ಸಾಮಾನ್ಯವಾಗಿ ಎಲ್ಲ ಕೋಣೆಗೂ ಕಿಟಕಿ ಇದ್ದೇ ಇರುತ್ತದೆ.

ಕೆಳಗಿನ ಡೆಕ್ಕಿನ ಕ್ಯಾಬಿನ್ ನೆಲಮಾಳಿಗೆಯಲ್ಲ. ಅದರ ನೆಲ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ, ನಿಜ. ಆದರೆ ಕಿಟಕಿ ನೀರಿನ ಮೇಲೆಯೇ ಇರುತ್ತದೆ. ಕಿಟಕಿ ಸಣ್ಣದು, ಗೋಡೆಯಲ್ಲಿ ಸ್ವಲ್ಪ ಎತ್ತರದಲ್ಲಿರುತ್ತದೆ, ತೆಗೆಯಲು ಬರುವುದಿಲ್ಲ. ಬೆಳಕು ಬರುತ್ತದೆ, ಕಣ್ಣಿನ ಮಟ್ಟದಲ್ಲಿ ನೀರು ಹರಿಯುವುದು ಕಾಣುತ್ತದೆ. ಮಲಗಲು, ಸ್ನಾನಕ್ಕೆ, ಬಟ್ಟೆ ಬದಲಿಸಲು ಅಷ್ಟು ಸಾಕು.

ಫ್ರೆಂಚ್ ಬಾಲ್ಕನಿ ಅನ್ನೋದು ಬಾಲ್ಕನಿಯೇ ಅಲ್ಲ

ಏಜೆಂಟರು ಹೇಳದೆ ಬಿಡುವ ಮಾತು ಇದು. ಪಟ್ಟಿಯಲ್ಲಿ "ಫ್ರೆಂಚ್ ಬಾಲ್ಕನಿ" ಅಂತ ಇದ್ದರೆ ಎರಡು ಕುರ್ಚಿ, ಒಂದು ಟೀ ಟೇಬಲ್ ಕಣ್ಣಮುಂದೆ ಬರುತ್ತದೆ. ಅಲ್ಲಿ ಇರುವುದು ಪಕ್ಕಕ್ಕೆ ಸರಿಯುವ ಗಾಜಿನ ಬಾಗಿಲು, ಅದರಾಚೆ ಒಂದು ಕಂಬಿ. ಹೊರಗೆ ಕಾಲಿಡಲು ಒಂದು ಹೆಜ್ಜೆ ಜಾಗವೂ ಇಲ್ಲ. ನಮ್ಮ ಹಳೆ ಮನೆಗಳಲ್ಲಿ ನೆಲದಿಂದಲೇ ಎದ್ದ ಸರಳಿನ ಕಿಟಕಿ ಇರುತ್ತಿತ್ತಲ್ಲ, ಹೆಚ್ಚು ಕಡಿಮೆ ಅದೇ.

ಹೊರಗೆ ಕೂರುವ ಜಾಗ ಬೇಕಿದ್ದರೆ ಪೂರ್ತಿ ಬಾಲ್ಕನಿಯ ಕೋಣೆಯನ್ನೇ ತೆಗೆದುಕೊಳ್ಳಬೇಕು. ಅದರ ದರ ಇನ್ನೂ ಮೇಲೆ. ದರ ಹೆಚ್ಚಾದರೆ ಕೋಣೆ ದೊಡ್ಡದಾಗುತ್ತದೆ ಅಂತಲೂ ಇಲ್ಲ. ವೈಕಿಂಗ್ ಕಂಪನಿಯ ಲಾಂಗ್‌ಶಿಪ್ ಹಡಗುಗಳಲ್ಲಿ ಕೆಳಗಿನ ಸಾದಾ ಕೋಣೆ 150 ಚದರ ಅಡಿ. ಅದಕ್ಕಿಂತ ದುಬಾರಿಯಾದ ಫ್ರೆಂಚ್ ಬಾಲ್ಕನಿ ಕೋಣೆ 135 ಚದರ ಅಡಿ. ಹೆಚ್ಚು ಕೊಟ್ಟು ಚಿಕ್ಕ ಕೋಣೆ!

ನದಿಗೆ ಎರಡು ದಡ

ಬಾಲ್ಕನಿ ಹಡಗಿನ ಒಂದೇ ಮಗ್ಗುಲಿಗೆ ಇರುತ್ತದೆ. ನದಿಗೆ ಎರಡು ದಡ. ಬಾಲ್ಕನಿಯ ಇಡೀ ವ್ಯಾಪಾರ ಬಿದ್ದುಹೋಗುವುದು ಇಲ್ಲೇ.

ರೈನ್ ಪ್ರವಾಸದಲ್ಲಿ ಜನ ಕಾಯುವ ಭಾಗ ಬಿಂಗೆನ್‌ನಿಂದ ಕೋಬ್ಲೆನ್ಸ್‌ವರೆಗಿನ ಸುಮಾರು 65 ಕಿಲೋಮೀಟರ್ ಕಣಿವೆ. 2002ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ನೆತ್ತಿಯ ಮೇಲೆ ಕೋಟೆ. ರೈನ್‌ಸ್ಟೈನ್, ರೈನ್‌ಫೆಲ್ಸ್ ಕೋಟೆಗಳು ಎಡದಂಡೆಯಲ್ಲಿವೆ. ಮಾರ್ಕ್ಸ್‌ಬುರ್ಗ್ ಕೋಟೆ ಬಲದಂಡೆಯಲ್ಲಿದೆ. ಹಾಡು, ಕಥೆಗಳಲ್ಲಿ ಹೆಸರಾದ 132 ಮೀಟರ್ ಎತ್ತರದ ಲೊರೆಲೈ ಬಂಡೆಯೂ ಬಲಕ್ಕೇ. ಕೌಬ್ ಊರಿನ ಹತ್ತಿರದ ಫಾಲ್ಸ್‌ಗ್ರಾಫೆನ್‌ಸ್ಟೈನ್ ಕೋಟೆಯಂತೂ ನದಿಯ ನಡುವೆಯೇ ನಿಂತಿದೆ. ಬಾಲ್ಕನಿಯಲ್ಲಿ ಕೂತವರಿಗೆ ಇದರಲ್ಲಿ ಅರ್ಧ ಮಾತ್ರ ಸಿಗುತ್ತದೆ. ಡ್ಯಾನ್ಯೂಬ್‌ನಲ್ಲೂ ಅದೇ ಕಥೆ. ಬುಡಾಪೆಸ್ಟ್‌ನಲ್ಲಿ ರಾತ್ರಿ ದೀಪ ಹಾಕಿದಾಗ ಸಂಸತ್ ಭವನ ಒಂದು ದಡದಲ್ಲಿ ಹೊಳೆದರೆ ಅರಮನೆ ಇನ್ನೊಂದು ದಡದಲ್ಲಿ ಹೊಳೆಯುತ್ತದೆ.

ಎರಡೂ ದಡ ಒಟ್ಟಿಗೆ ಕಾಣುವುದು ಹಡಗಿನ ಚಾವಣಿಯಿಂದ. ಅದಕ್ಕೆ ಸನ್ ಡೆಕ್ ಅನ್ನುತ್ತಾರೆ. ಅಲ್ಲಿ ಕುರ್ಚಿಗಳಿರುತ್ತವೆ, ನೆರಳೂ ಇರುತ್ತದೆ. ಕೆಳಗಿನ ಕ್ಯಾಬಿನ್‌ನವರಿಗೂ ಮೇಲಿನವರಿಗೂ ಅದು ಒಂದೇ. ಕೋಟೆಗಳ ಕಣಿವೆ ಬಂತು ಅಂತ ಮೈಕಿನಲ್ಲಿ ಹೇಳಿದಾಗ ಬಾಲ್ಕನಿಯವರೂ ಎದ್ದು ಅಲ್ಲಿಗೇ ಬರುತ್ತಾರೆ.

ನಮ್ಮಲ್ಲಿ ಬಾಲ್ಕನಿ ಅನ್ನುವ ಪದ ಬಂದಿದ್ದೇ ಸಿನಿಮಾ ಟಾಕೀಸಿನಿಂದ. ದುಡ್ಡಿದ್ದವರು ಮೇಲೆ ಬಾಲ್ಕನಿಯಲ್ಲಿ, ಉಳಿದವರು ಪರದೆ ಹತ್ತಿರ ಗಾಂಧಿ ಕ್ಲಾಸಿನಲ್ಲಿ. ಆ ಮರ್ಯಾದೆಯ ಲೆಕ್ಕ ಇನ್ನೂ ನಮ್ಮ ತಲೆಯಲ್ಲಿದೆ. ಏಜೆಂಟ್ ಮಾರುತ್ತಿರುವುದು ಅದನ್ನೇ. ನದಿಯ ಹಡಗಿನಲ್ಲಿ ಮಾತ್ರ ಒಳ್ಳೆಯ ಸೀಟು ಚಾವಣಿಯ ಮೇಲಿದೆ, ಗಾಂಧಿ ಕ್ಲಾಸಿನವರಿಗೂ ಅದು ಪುಕ್ಕಟೆ. ಹೆಚ್ಚಿನ ಹಡಗುಗಳಲ್ಲಿ ಊಟದ ಹಾಲು ಒಂದೇ, ಅಡುಗೆ ಒಂದೇ, ಊರು ತೋರಿಸುವ ಗೈಡೂ ಒಂದೇ. ಕೆಳಗಿನ ಕೋಣೆಯವರಿಗೆ ಬೇರೆ ಪಂಕ್ತಿ ಹಾಕುವುದಿಲ್ಲ.

ದುಡ್ಡು ಕೊಟ್ಟು ಗೋಡೆ ನೋಡುವುದು

ಲಾಕ್‌ನೊಳಗೆ ಹಡಗು ನಿಂತಾಗ ಬಾಲ್ಕನಿಯ ಮುಂದೆ ಏನಿರುತ್ತದೆ? ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒದ್ದೆ ಕಾಂಕ್ರೀಟ್ ಗೋಡೆ. ಬಾಸೆಲ್‌ನಿಂದ ಇಫೆಟ್ಸ್‌ಹೈಮ್‌ವರೆಗೆ ರೈನ್‌ನಲ್ಲೇ ಇಂಥ ಹತ್ತು ಲಾಕ್ ತಾಣಗಳಿವೆ. 1992ರಲ್ಲಿ ತೆರೆದ, ರೈನ್ ಕಡೆಯ ಮೈನ್ ನದಿಯನ್ನು ಡ್ಯಾನ್ಯೂಬ್‌ಗೆ ಸೇರಿಸುವ 171 ಕಿಲೋಮೀಟರ್ ಕಾಲುವೆಯಲ್ಲಿ ಹದಿನಾರು.

ಊರಿನ ದಡದಲ್ಲಿ ನಿಂತಾಗಲೂ ನೆಮ್ಮದಿಯಿಲ್ಲ. ಕಟ್ಟೆಯಲ್ಲಿ ಜಾಗ ಸಾಲದೆ ಎರಡು ಮೂರು ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ, ಸಂತೆಯ ದಿನ ಗಾಡಿ ನಿಲ್ಲಿಸಿದ ಹಾಗೆ. ಆಗ ನಿಮ್ಮ ಬಾಲ್ಕನಿಯಿಂದ ಕಾಣುವುದು ಪಕ್ಕದ ಹಡಗಿನವರ ಹಾಸಿಗೆ, ಅವರಿಗೆ ಕಾಣುವುದು ನಿಮ್ಮದು. ಇಬ್ಬರೂ ಪರದೆ ಎಳೆದು ಕೂರಬೇಕು. ಈಜಿಪ್ಟಿನಲ್ಲಿ ಲಕ್ಸರ್‌ನಿಂದ ಆಸ್ವಾನ್‌ಗೆ ಹೋಗುವ ನೈಲ್ ಹಡಗುಗಳಲ್ಲೂ ಇದೇ ಪಾಡು. ಅಲ್ಲಿ ನಾಲ್ಕೈದು ಹಡಗು ಸಾಲಾಗಿ ನಿಂತು, ದಡ ಮುಟ್ಟಲು ಬೇರೆ ಹಡಗುಗಳ ಪಡಸಾಲೆ ದಾಟಿ ಹೋಗಬೇಕಾಗುತ್ತದೆ.

ಇನ್ನು ಸಮಯ. ಹಗಲು ಊರು ಸುತ್ತಿಸುತ್ತಾರೆ, ಹಡಗು ಬಹುಪಾಲು ಸಾಗುವುದು ರಾತ್ರಿ. ನವೆಂಬರ್, ಡಿಸೆಂಬರಿನಲ್ಲಿ ಹೋದರೆ ಸಂಜೆ ನಾಲ್ಕೂವರೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಚಳಿಗೆ ಬಾಲ್ಕನಿಯ ಬಾಗಿಲು ತೆಗೆಯುವವರಿಲ್ಲ. ಬೆಳಕಿದ್ದು, ಹಡಗು ಚಲಿಸುತ್ತಿದ್ದು, ನೀವು ಕೋಣೆಯಲ್ಲೇ ಇರುವ ಹೊತ್ತು ದಿನಕ್ಕೆ ಒಂದು ಗಂಟೆ ಅಂತಿಟ್ಟುಕೊಳ್ಳಿ. ಏಳು ದಿನಕ್ಕೆ ಏಳು ಗಂಟೆ. ಇಬ್ಬರಿಗೆ ಸೇರಿ ದರದ ಅಂತರ 1,20,000 ರೂಪಾಯಿ ಅಂತ ಹಿಡಿದರೆ ಗಂಟೆಗೆ 17 ಸಾವಿರ ಚಿಲ್ಲರೆ ಬಿತ್ತು. ನಿಮಗೆ ಹೇಳಿದ ಅಂತರ ಎಷ್ಟೋ ಅದನ್ನು ಹಾಕಿ ನೀವೇ ಭಾಗಿಸಿ ನೋಡಿ. ಅದರ ಮೇಲೆ ಬಂಗಾರದ ಸಾಲದ ಬಡ್ಡಿ ಸೇರಿಸಿ.

ನದಿಯೂ ಯಾರ ಮಾತನ್ನೂ ಕೇಳುವುದಿಲ್ಲ. 2022ರ ಆಗಸ್ಟಿನಲ್ಲಿ ಕೌಬ್‌ನ ನೀರಿನ ಮಾಪಕ 40 ಸೆಂಟಿಮೀಟರಿಗಿಂತ ಕೆಳಗಿಳಿದಿತ್ತು. ಹಾಗೆ ನೀರು ಕಡಿಮೆಯಾದಾಗ, ಇಲ್ಲವೇ ನೆರೆ ಬಂದಾಗ, ಕ್ರೂಸ್‌ನವರು ಜನರನ್ನು ಬಸ್ಸಿನಲ್ಲಿ ಸಾಗಿಸುವುದೂ ಉಂಟು. ಬಸ್ಸಿಗೆ ಬಾಲ್ಕನಿ ಇಲ್ಲ.

ಹಾಗಾದರೆ ಬಾಲ್ಕನಿ ಯಾರಿಗೂ ಬೇಡವೇ?

ಹಾಗೆ ಹೇಳಿದರೆ ಅನ್ಯಾಯವಾದೀತು. ಗಾಳಿ ಬೆಳಕು ಕಡಿಮೆಯಿದ್ದರೆ ಉಸಿರು ಕಟ್ಟಿದಂತಾಗುವವರಿಗೆ ತೆಗೆಯಲು ಬಾರದ ಕಿಟಕಿಯ ಕೋಣೆ ಹಿಂಸೆಯೇ. ಜನರ ನಡುವೆ ಬೇಗ ಸುಸ್ತಾಗುವ ವಯಸ್ಸಾದವರು, ಕಾಯಿಲೆಯಿಂದ ಈಗಷ್ಟೇ ಎದ್ದವರು ಕೋಣೆಯಲ್ಲೇ ಹೆಚ್ಚು ಹೊತ್ತು ಕಳೆಯುತ್ತಾರೆ. ಅವರಿಗೆ ದೊಡ್ಡ ಬಾಗಿಲಿನ ಬೆಳಕು ಬೇಕು. ಸೇತುವೆಗಳು ತೀರಾ ತಗ್ಗಿರುವ ಕಡೆ ಸನ್ ಡೆಕ್ಕನ್ನು ಮುಚ್ಚುತ್ತಾರೆ ಅನ್ನುವುದೂ ಸತ್ಯ. ಆದರೆ ಆಗಲೂ ಹಡಗಿನ ಮುಂಭಾಗದಲ್ಲಿ ಗಾಜಿನ ಗೋಡೆಯ ದೊಡ್ಡ ಪಡಸಾಲೆ ಎಲ್ಲರಿಗೂ ತೆರೆದಿರುತ್ತದೆ. ದುಡ್ಡು ಧಾರಾಳವಾಗಿದ್ದು, ಬೆಳಗಿನ ಕಾಫಿಯನ್ನು ಗಂಡ ಹೆಂಡತಿ ಇಬ್ಬರೇ ಕೂತು ಕುಡಿಯಬೇಕು ಅನ್ನುವ ಆಸೆಯಿದ್ದರೆ ಧಾರಾಳವಾಗಿ ತೆಗೆದುಕೊಳ್ಳಲಿ. ನನ್ನ ತಕರಾರು ಅವರ ಮೇಲಲ್ಲ. ಮರ್ಯಾದೆಯ ಹೆಸರಲ್ಲಿ ಸಾಲ ಹುಟ್ಟಿಸುವವರ ಮೇಲೆ.

ಚಿಕ್ಕಮ್ಮ ಕೇಳಿದ ಪ್ರಶ್ನೆ

ಮಾರನೆಯ ವಾರ ಊರಿಗೆ ಹೋದಾಗ ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಅವರು ಸುಲಭಕ್ಕೆ ಬಗ್ಗಲಿಲ್ಲ. "ನಾಳೆ ಮಗಳ ಸ್ನೇಹಿತರು, ಅಪ್ಪ ಅಮ್ಮನ್ನ ಕೆಳಗೆ ಮಲಗಿಸಿದ್ಳು ಅಂತ ಆಡ್ಕೊಳ್ಳಲ್ವೇನೋ?" ಅಂದರು. ಅವರ ನಿಜವಾದ ಕಷ್ಟ ಆಗ ಅರ್ಥವಾಯಿತು. ಅವರಿಗೆ ನದಿಯ ಚಿಂತೆ ಇರಲಿಲ್ಲ. ಮಗಳನ್ನು ಯಾರೂ ಬೆರಳು ಮಾಡಿ ತೋರಿಸಬಾರದು ಅನ್ನುವುದಷ್ಟೇ ಇತ್ತು.

ಅಷ್ಟು ಹೊತ್ತೂ ಒಳಗೆ ಅಕ್ಕಿ ಆರಿಸುತ್ತಿದ್ದ ಚಿಕ್ಕಮ್ಮ ಅಲ್ಲಿಂದಲೇ ಕೇಳಿದರು: "ಅದೆಲ್ಲ ಇರ್ಲಿ. ಆ ಕೆಳಗಿನ ರೂಮಿಗೆ ಮೆಟ್ಟಿಲು ಎಷ್ಟಿದೆ?"

ಇಬ್ಬರೂ ಸುಮ್ಮನಾದೆವು. ಅವರಿಗೆ ಎರಡು ವರ್ಷದಿಂದ ಮಂಡಿ ನೋವು. ಏಜೆಂಟ್ ಕೇಳಿರಲಿಲ್ಲ. ಚಿಕ್ಕಪ್ಪ ಕೇಳಿರಲಿಲ್ಲ. ಕೆಳಗಿನ ಕ್ಯಾಬಿನ್ನೇ ಸಾಕು ಅಂತ ಭಾಷಣ ಮಾಡಿದ ನಾನೂ ಕೇಳಿರಲಿಲ್ಲ.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಹಲವು ನದಿ ಹಡಗುಗಳಲ್ಲಿ ಲಿಫ್ಟ್ ಇದ್ದರೂ ಮಧ್ಯದ ಮತ್ತು ಮೇಲಿನ ಡೆಕ್ಕಿಗಷ್ಟೇ ಓಡಾಡುತ್ತದೆ. ಕೆಳಗಿನ ಡೆಕ್ಕಿಗೆ ಮೆಟ್ಟಿಲೇ ಗತಿ. ಊಟಕ್ಕೆ, ಹೊರಗೆ ಹೋಗಲು, ವಾಪಸ್ ಬರಲು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯಬೇಕು ಅಂತ ಯೋಚಿಸಿ. ಸನ್ ಡೆಕ್ಕಿಗೂ ಸಾಮಾನ್ಯವಾಗಿ ಮೆಟ್ಟಿಲೇ, ಆದರೆ ಅದು ದಿನಕ್ಕೆ ಒಂದೆರಡು ಸಲ. ಆದ್ದರಿಂದ ಕಾಲು ಗಟ್ಟಿಯಿದ್ದವರಿಗೆ ಕೆಳಗಿನ ಡೆಕ್ಕೇ ಜಾಣತನ. ಮಂಡಿ ನೋವಿನವರು ಮಧ್ಯದ ಡೆಕ್ಕಿನಲ್ಲಿ ಸಿಗುವ ಅತಿ ಕಡಿಮೆ ದರದ ಕೋಣೆ ತೆಗೆದುಕೊಳ್ಳಲಿ. ಹೆಚ್ಚು ದುಡ್ಡು ಕೊಡುವುದೇ ಆದರೆ ಕಾಲಿನ ಸಲುವಾಗಿ ಕೊಡಿ.

ಬುಕ್ ಮಾಡುವ ಮುಂಚೆ ಇಷ್ಟು ಕೇಳಿ. ಲಿಫ್ಟ್ ಯಾವ ಯಾವ ಡೆಕ್ಕಿಗೆ ಹೋಗುತ್ತದೆ? ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರಬಹುದೇ, ಬರೀ ಕಂಬಿಯೇ? ಕೋಣೆ ಹಿಂಭಾಗದಲ್ಲಿ ಎಂಜಿನ್ ಪಕ್ಕ ಇದೆಯೇ? ಸಸ್ಯಾಹಾರ ಮುಂಚೆಯೇ ಬರೆಸಬೇಕೇ? ನೀರು ಕಡಿಮೆಯಾಗಿ ಹಡಗು ನಿಂತರೆ ದುಡ್ಡಿನ ಕಥೆ ಏನು? ಉತ್ತರಗಳನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಬರೆಸಿಕೊಳ್ಳಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಅದರಲ್ಲಿ ಮಾತ್ರ ಉಳಿತಾಯ ನೋಡಬೇಡಿ.

ಮಗಳಿಗೆ ಫೋನ್ ಹೋಯಿತು. ಅಮ್ಮನ ಮಂಡಿಯ ವಿಷಯ ಕೇಳಿ ಅವಳು ಮಧ್ಯದ ಡೆಕ್ಕಿಗೆ ಬದಲಾಯಿಸಿದಳು. ಪೂರ್ತಿ ಬಾಲ್ಕನಿಗಿಂತ ಬಹಳ ಕಡಿಮೆ, ಅವಳ ಕೈಯಲ್ಲೇ ಮುಗಿಯಿತು. ಸೊಸೈಟಿಗೆ ಯಾರೂ ಹೋಗಲಿಲ್ಲ. ಬರುವ ಮೇ ತಿಂಗಳಲ್ಲಿ ಹೊರಡುತ್ತಾರೆ, ಚಿಕ್ಕಮ್ಮನ ಕೈಯಲ್ಲಿ ಬಳೆ ಇರುತ್ತದೆ.

ಆ ಕೋಣೆಗೆ ಇರುವುದು ಫ್ರೆಂಚ್ ಬಾಲ್ಕನಿ, ಅಂದರೆ ಬಾಗಿಲು ಮತ್ತು ಕಂಬಿ. ಮೊನ್ನೆ ಡೈರಿಗೆ ಹಾಲು ಹಾಕಲು ಹೋದಾಗ ಯಾರೋ ಕೇಳಿದರಂತೆ, "ಎಂಥ ರೂಮು ಮಾರಾಯ್ರೆ?" ಅಂತ. "ಬಾಲ್ಕನಿದೇ" ಅಂದು ಬಂದಿದ್ದಾರೆ ಚಿಕ್ಕಪ್ಪ. ಸುಳ್ಳೂ ಅಲ್ಲವಲ್ಲ, ನಾನೂ ತಿದ್ದಲು ಹೋಗಲಿಲ್ಲ.