‘ಮೊದಲಿಂದ್ಲೂ ಹಿಂಗ’ ಅಂದ್ರ ಮುಗೀತೇನ್ರಿ?

ಅಕ್ಕಾರ, ತಂಗೇರ, ಈ ಸಲ ಅಡಿಗಿ ಸುದ್ದಿ ಇಲ್ಲ. ಸಿಟ್ಟು ಬಂದದ, ಅದನ್ನೇ ಬರೀತೀನಿ.

ನಮ್ಮ ತಂಗಿ ಮಗ ನಿಮಗೆಲ್ಲಾ ಗೊತ್ತು. ವಯಸ್ಸು 26, ಬುದ್ಧಿ ಸಣ್ಣ ಹುಡುಗರದು. ಹೋದ ವರ್ಷ ತಂಗಿ ಅತ್ತಿಯವರು ತೀರಿಕೊಂಡ್ರು. ದಿನಾ ಅವಂಗ ಕೈತುತ್ತು ಹಾಕ್ತಿದ್ದವರು ಅವರ. ಆಮ್ಯಾಲೆ ಹುಡುಗ ಊಟ ಬಿಟ್ಟ, ನಿದ್ದಿ ಬಿಟ್ಟ, ಗ್ವಾಡಿಗೆ ಹಣಿ ಬಡಕೊಳ್ಳಾಕ ಹತ್ತಿದ.

ದವಾಖಾನಿಗೆ ಕರಕೊಂಡು ಹೋದ್ವಿ. ಮೂರು ತಾಸು ಪಾಳಿ. ಗದ್ದಲಕ್ಕ ಹೆದರಿ ಚೀರಿದ, ಮಂದಿ ತಿರುಗಿ ತಿರುಗಿ ನೋಡಿದ್ರು. ಒಳಗ ಡಾಕ್ಟರು ಅವನ ಮಾರಿನೂ ನೋಡಲಿಲ್ಲ. "ಹುಟ್ಟಿದಾಗಿಂದ ಹಿಂಗ ಅದಾನಲ್ಲ, ಇದೂ ಅದರಾಗಿಂದ" ಅಂದು ನಿದ್ದಿ ಗುಳಿಗಿ ಬರದು ಕಳಿಸಿದ್ರು. ಮೂರು ತಿಂಗಳು ಹುಡುಗ ಜೊಲ್ಲು ಸುರಿಸ್ಕೋತ ಬಿದ್ದುಕೊಂಡಿದ್ದ.

ಬುದ್ಧಿ ಕಡಿಮಿ ಇದ್ದದ್ದು ಹುಟ್ಟಿದಾಗಿಂದ, ಖರೇ. ಅಜ್ಜಿ ಹೋದ ಮ್ಯಾಲೆ ಊಟ ಬಿಟ್ಟದ್ದೂ ಹುಟ್ಟಿದಾಗಿಂದ ಬಂದದ್ದೇನ್ರಿ? ಬುದ್ಧಿಮಾಂದ್ಯತೆ ಬ್ಯಾರೆ, ಮನಸ್ಸಿನ ಜಡ್ಡು ಬ್ಯಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆನೂ ಎರಡನ್ನೂ ಬ್ಯಾರೆ ಮಾಡೇ ಇಟ್ಟದ. ಹಂಗಂತ ಇಂಥವರಿಗೆ ಮನಸ್ಸಿನ ಜಡ್ಡು ಬರೂದೇ ಇಲ್ಲ ಅಂತಲ್ಲ, ಉಳಿದವರಕಿಂತ ಇವರಿಗೇ ಹೆಚ್ಚು ಬರ್ತದ. ಬಾಯಿಲೆ ಹೇಳಾಕ ಬರದವರು ಮೈಲೆ ತೋರಸ್ತಾರ. ಹಣಿ ಬಡಕೊಂಡ್ರ ಹಲ್ಲುನೋವು ಇರಬಹುದು, ಕಿವಿನೋವು ಇರಬಹುದು, ಹೊಟ್ಟಿ ಕಟ್ಟಿರಬಹುದು, ದುಃಖನೂ ಇರಬಹುದು. ನೋಡದನ ಗುಳಿಗಿ ಕೊಟ್ರ ಅದು ಔಷಧ ಅಲ್ಲ, ಬಾಯಿ ಮುಚ್ಚಿಸೂದು.

"ಡಾಕ್ಟರಿಗೂ ಮಂದಿ ಭಾಳ, ಅವರರ ಏನ್ ಮಾಡ್ತಾರ?" ಅಂದ್ರು ನಮ್ಮ ವೈನಿ. ಇರಲಿ. ಎರಡನೇ ದವಾಖಾನಿ ಡಾಕ್ಟರಮ್ಮನ ಮುಂದೂ ಪಾಳಿ ಇತ್ತು. ಆದ್ರೂ ಮೊದಲು ಹಲ್ಲು, ಕಿವಿ, ಹೊಟ್ಟಿ ನೋಡಿದ್ರು. ಆಮ್ಯಾಲೆ ನಮ್ಮನ್ನಲ್ಲ, ಅವನ್ನೇ ಕೇಳಿದ್ರು: "ಅಜ್ಜಿ ಎಲ್ಲೆಪಾ?" ಹುಡುಗ ತುತ್ತಿಗೆ ತೆರೆದಂಗ ಬಾಯಿ ತೆರೆದು ಅತ್ತುಬಿಟ್ಟ. ಇಪ್ಪತ್ತು ನಿಮಿಷದ ಕೆಲಸ. ಅದನ್ನ ಉಳಿಸಾಕ ಹೋಗಿ ಮೊದಲನೇವರು ನಮ್ಮ ಮೂರು ತಿಂಗಳು ಕಳದ್ರು.

ತಪ್ಪು ನಮ್ಮದೂ ಅದ. "ಅಜ್ಜಿ ಊರಿಗೆ ಹೋಗ್ಯಾಳ" ಅಂತ ಸುಳ್ಳು ಹೇಳಿದ್ವಿ. ಅವ ದಿನಾ ಬಾಗಲಾ ಕಾಯ್ದ.

ಇಂಥವರನ್ನ ಮೊದಲು ನೋಡಬೇಕಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆದಾಗ ಅದ. ಅದನ್ನ ನಡಸ್ರಿ ಅಂತೀನಿ. ಗದ್ದಲಿಲ್ಲದ ಒಂದು ಮೂಲಿ ಕೊಡ್ರಿ. ಅಡ್ಮಿಟ್ ಮಾಡಿದ್ರ ತಾಯಿನ್ನ ಹೊರಗ ಹಾಕಬ್ಯಾಡ್ರಿ. ಡಾಕ್ಟರಿಗೆ, ನರ್ಸಿಗೆ ಇವರ ಜೋಡಿ ಹೆಂಗ ಮಾತಾಡಬೇಕು ಅನ್ನೂದನ್ನ ಕಲಸ್ರಿ. ನಾವೂ ಒಂದು ಹಾಳಿ ಮ್ಯಾಲೆ ಬರದು ಒಯ್ಯೋಣು: ಏನು ಉಣ್ತಾನ, ಯಾತಕ್ಕ ಹೆದರತಾನ, ನೋವಾದ್ರ ಹೆಂಗ ತೋರಸ್ತಾನ.

ಇನ್ನ ನೀವು. ದವಾಖಾನಿ ಪಾಳ್ಯಾಗ ಇಂಥಾ ಹುಡುಗ ಚೀರಿದ್ರ "ಹುಚ್ಚ" ಅಂತ ಸೆರಗು ಬಾಯಿಗಿಟ್ಟು ಸರಿದು ನಿಲ್ಲಬ್ಯಾಡ್ರಿ. "ನೀವು ಮೊದಲ ಹೋಗ್ರವಾ" ಅಂತ ಅವರವ್ವಗ ಹೇಳ್ರಿ. ಅದಕ್ಕ ಯಾವ ಕಾಯ್ದೆನೂ ಬೇಕಾಗಿಲ್ಲ.